ಎರಡು ತಾಸಿಗೊಮ್ಮೆ ಬರುವ ನರ್ಸು

ಮೊದಲ ಮಹಾಯುದ್ಧದ ನರ್ಸುಗಳ ಆಟೋಗ್ರಾಫ್ ಪುಸ್ತಕಗಳು ಬ್ರಿಟನ್ನಿನ ಹಲವು ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಇವೆ. ಚೇತರಿಸಿಕೊಳ್ಳುತ್ತಿದ್ದ ಸೈನಿಕರು ಅವುಗಳಲ್ಲಿ ಹೆಸರು, ರೆಜಿಮೆಂಟು, ಗಾಯವಾದ ಊರು ಮತ್ತು ತಾರೀಖು ಬರೆಯುತ್ತಿದ್ದರು. ಜೊತೆಗೊಂದು ಶತ್ರುಪಕ್ಷದ ಜರ್ಮನ್ ಚಕ್ರವರ್ತಿ ಕೈಸರನ ವ್ಯಂಗ್ಯಚಿತ್ರ, ಇಲ್ಲವೇ ತುಂಟ ಪದ್ಯ. ಕಲಬುರಗಿಯ ನಮ್ಮ ನರ್ಸಿಂಗ್ ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗಿಯರು ಕೇಳುವುದು ಒಂದೇ: "ಇಷ್ಟೆಲ್ಲಾ ಬರೀಲಿಕ್ಕ ಅವರಿಗಿ ಟೈಮ್ ಎಲ್ಲಿತ್ರೀ ಮೇಡಮ್?"

ಬೇಕಾದಷ್ಟಿತ್ತು. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ, ಗಾಯ ಮಾಯಲು ಬಹಳ ದಿನ ಹಿಡಿಯುತ್ತಿತ್ತು. ಗೊಬ್ಬರ ಹಾಕಿದ ಹೊಲದ ಮಣ್ಣು ಗಾಯದೊಳಗೆ ಹೋದರೆ ಗ್ಯಾಸ್ ಗ್ಯಾಂಗ್ರಿನ್, ಅಂದರೆ ಮಾಂಸ ಕೊಳೆತು ಜೀವಕ್ಕೇ ಕುತ್ತು ತರುವ ಸೋಂಕು. ಹಾಗಾಗಿ ಕ್ಯಾರೆಲ್-ಡೇಕಿನ್ ಪದ್ಧತಿ: ಸತ್ತ ಮಾಂಸ ಕತ್ತರಿಸಿ, ಗಾಯ ಹೊಲಿಯದೆ ತೆರೆದೇ ಇಟ್ಟು, ಸಣ್ಣ ರಬ್ಬರ್ ನಳಿಕೆಗಳಿಂದ ಸುಮಾರು 0.5% ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕ ದ್ರಾವಣ ಬಿಡುವುದು. ಗಾಯದೊಳಗೆ ಅದರ ಸತ್ವ ಬೇಗ ಇಳಿದುಹೋಗುತ್ತದೆ, ಆದ್ದರಿಂದ ಎರಡು ತಾಸಿಗೊಮ್ಮೆ, ಹಗಲೂ ರಾತ್ರಿ. ಸುತ್ತಲಿನ ಚರ್ಮ ಸುಡದಂತೆ ವ್ಯಾಸಲೀನ್ ಹಚ್ಚಿದ ಗಾಜ್ ಬಟ್ಟೆ. ತೊಡೆಯ ಮೂಳೆ ಮುರಿದವನಂತೂ ಕಾಲು ಅಲುಗದಂತೆ ಎಳೆದು ಹಿಡಿಯುವ ಥಾಮಸ್ ಸ್ಪ್ಲಿಂಟಿನಲ್ಲಿ ವಾರಗಟ್ಟಲೆ ಅಂಗಾತ. ದಿನಕ್ಕೆ ಇಷ್ಟು ಸಲ ಹಾಸಿಗೆ ಹತ್ತಿರ ಬರುವವಳು ಪುಸ್ತಕ ಮುಂದೆ ಹಿಡಿದರೆ ಯಾರು ಒಲ್ಲೆ ಅಂತಾರೆ? ಕೆಲವು ಸೈನಿಕರು ತಮ್ಮ ಪಡೆಯ ಲಾಂಛನವನ್ನು ಕಸೂತಿಯಲ್ಲಿ ಹಾಕಿದ್ದೂ ಉಂಟು. ನಗಬೇಡಿ. ಸೂಜಿ ಹಿಡಿದು ದಾರ ಎಳೆಯುವಾಗ ಬೆರಳಿನ ಸಣ್ಣ ಸ್ನಾಯುಗಳೆಲ್ಲ ಕೆಲಸಕ್ಕೆ ಬರುತ್ತವೆ, ದಿನನಿತ್ಯದ ಕೆಲಸಗಳ ಮೂಲಕ ಚೇತರಿಸುವ ಇವತ್ತಿನ ಆಕ್ಯುಪೇಷನಲ್ ಥೆರಪಿಯೂ ಅದನ್ನೇ ಮಾಡಿಸುತ್ತದೆ.

ಅದೇ ಯುದ್ಧದಲ್ಲಿ ಬ್ರಿಟಿಷರ ಪರ ಕಾದಾಡಿದ ನಮ್ಮ ಸಿಪಾಯಿಗಳ ಕಥೆ ಬೇರೆ. 1914ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಿನ ರಾಯಲ್ ಪೆವಿಲಿಯನ್ ಅರಮನೆ ಭಾರತೀಯ ಗಾಯಾಳುಗಳ ಆಸ್ಪತ್ರೆಯಾಯಿತು. ಅಲ್ಲಿ ಇಂಗ್ಲಿಷ್ ನರ್ಸುಗಳಿಗೆ ಮೇಲ್ವಿಚಾರಣೆಯಷ್ಟೇ. ಮೈಮುಟ್ಟಿ ಆರೈಕೆ ಮಾಡಲು ಬಿಡಲಿಲ್ಲ, ಬಿಳಿಯರ ಮರ್ಯಾದೆಗೆ ಕುಂದು ಎಂಬ ಲೆಕ್ಕ. ಆ ಸಿಪಾಯಿಗಳ ಮಾತನ್ನು ಈಗ ನಾವು ಹೆಚ್ಚಾಗಿ ಓದುವುದು ಟಪಾಲು ತೆರೆದು ಓದುತ್ತಿದ್ದ ಸೆನ್ಸಾರ್ ಅಧಿಕಾರಿಗಳು ಇಂಗ್ಲಿಷಿಗಿಳಿಸಿ ಇಟ್ಟ ಪತ್ರಗಳ ತುಣುಕುಗಳಲ್ಲಿ. ನೆನಪಿಗೆಂದು ಪ್ರೀತಿಯಿಂದ ಬರೆದುಕೊಟ್ಟದ್ದಕ್ಕೂ ಅನುಮಾನದಿಂದ ಎತ್ತಿಟ್ಟದ್ದಕ್ಕೂ ಎಷ್ಟು ಅಂತರ!

ಈಗ ಹೊಲಿಗೆ ಬಿಚ್ಚಿಸಿಕೊಂಡು ಹೋಗುವಾಗ ಚಿತ್ತಾಪುರದ ಕಡೆಯವರು ತೊಗರಿಬೇಳೆ ಗಂಟು ಹಿಡಿದು "ತಗೋರಿ ಸಿಸ್ಟರ್" ಅಂತಾರೆ. ವಾರ್ಡ್ ಇನ್‌ಚಾರ್ಜಿಗೆ ಹೇಳದೆ ತಗೋಬೇಡಿ, ರೊಕ್ಕ ಮುಟ್ಟಲೇಬೇಡಿ. ನಾಲ್ಕು ಸಾಲು ಬರೆದುಕೊಟ್ಟರೆ ಧಾರಾಳವಾಗಿ ಇಟ್ಟುಕೊಳ್ಳಿ. ವಾಟ್ಸಾಪ್ ಸ್ಟೇಟಸ್ಸಿಗೆ ಮಾತ್ರ ಹಾಕಬೇಡಿ, ಆ ಚೀಟಿಯಲ್ಲಿ ರೋಗಿಯ ಹೆಸರೂ ಇರುತ್ತದೆ, ಕಾಯಿಲೆಯೂ ಇರುತ್ತದೆ.