ಒಂದೇ ಸಲ ಹಾರುವ ರಾಕೆಟ್‌ಗೆ ಸರ್ಕಾರ ಅಷ್ಟೊಂದು ದುಡ್ಡು ಸುರಿಯುವುದು ಯಾಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ರಾಕೆಟ್ ಇಳಿಸಿ ಮತ್ತೆ ಹಾರಿಸುವುದು ಮಾಮೂಲಾಗಿದೆ. ಆದರೂ ಅಲ್ಲಿನ ಸರ್ಕಾರ ತನ್ನ ಉಪಗ್ರಹಗಳಿಗೆ ಸಮುದ್ರದ ಪಾಲಾಗುವ ದುಬಾರಿ ರಾಕೆಟ್‌ಗಳನ್ನೇ ಇಷ್ಟು ವರ್ಷ ಯಾಕೆ ಬಳಸಿತು?

ಉತ್ತರ: ರಾಕೆಟ್ ಸಮುದ್ರಕ್ಕೆ ಬೀಳುತ್ತದೆ, ಅದಕ್ಕೇ ಖರ್ಚು ಜಾಸ್ತಿ ಅನಿಸುತ್ತದೆ, ಅಲ್ವಾ? ಅದು ಅರ್ಧ ಕಾರಣ ಮಾತ್ರ. ದೊಡ್ಡ ಖರ್ಚು ನೆಲದ ಮೇಲೇ ಇದೆ.

ಡೆಲ್ಟಾ 4 ಹೆವಿ ನೋಡಿ. ಭಾರಿ ಬೇಹುಗಾರಿಕೆ ಉಪಗ್ರಹಗಳನ್ನು ಹೊತ್ತ ರಾಕೆಟ್ ಇದು. ಒಂದು ಹಾರಾಟಕ್ಕೆ ಸುಮಾರು 35 ಕೋಟಿ ಡಾಲರ್. 2004ರಿಂದ 2024ರ ಏಪ್ರಿಲ್‌ವರೆಗೆ ಹಾರಿದ್ದು ಬರೀ 16 ಸಲ. ಆದರೆ ಕಾರ್ಖಾನೆ, ಫ್ಲಾರಿಡಾ ಮತ್ತು ಕ್ಯಾಲಿಫೋರ್ನಿಯಾದ ಉಡಾವಣಾ ಕಟ್ಟೆಗಳು, ನುರಿತ ಕೆಲಸಗಾರರ ಸಂಬಳ, ಇವೆಲ್ಲ ವರ್ಷಪೂರ್ತಿ ನಡೆಯಲೇಬೇಕು. ವರ್ಷಕ್ಕೆ ಒಂದೇ ಮದುವೆ ಆಗುವ ಛತ್ರ ಇದ್ದರೆ ಅದರ ಪೂರ್ತಿ ಖರ್ಚು ಆ ಒಂದು ಮನೆಯವರ ತಲೆಗೇ ಬರುತ್ತದಲ್ಲ, ಹಾಗೆ.

ಹೀಗಾಗಬೇಕಿರಲಿಲ್ಲ. 1998ರಲ್ಲಿ ಅಮೆರಿಕದ ವಾಯುಪಡೆ ಬೋಯಿಂಗ್ ಮತ್ತು ಲಾಕ್‌ಹೀಡ್ ಮಾರ್ಟಿನ್ ಕಂಪನಿಗಳ ಜತೆ ಇಂಥ ರಾಕೆಟ್‌ಗಳಿಗಾಗಿ ಒಪ್ಪಂದ ಮಾಡಿಕೊಂಡಾಗ, ಖಾಸಗಿ ಉಪಗ್ರಹಗಳು ಸಾಲುಗಟ್ಟಿ ಬಂದು ಖರ್ಚು ಹಂಚಿಹೋಗುತ್ತದೆ ಎಂಬ ಲೆಕ್ಕವಿತ್ತು. ಅವು ಬರಲಿಲ್ಲ. 2006ರಲ್ಲಿ ಎರಡೂ ಕಂಪನಿಗಳು ರಾಕೆಟ್ ವ್ಯವಹಾರವನ್ನು ಯುಎಲ್ಎ ಎಂಬ ಒಂದೇ ಕಂಪನಿಗೆ ಸೇರಿಸಿದವು. ಪೈಪೋಟಿ ಮುಗಿಯಿತು. ಉಡಾವಣೆ ಎಷ್ಟೇ ಇರಲಿ, ಸಿದ್ಧವಾಗಿರುವುದಕ್ಕೇ ಅಂತ ಸರ್ಕಾರ ವರ್ಷಕ್ಕೆ ಹತ್ತಿರಹತ್ತಿರ 100 ಕೋಟಿ ಡಾಲರ್ ಬೇರೆ ಕೊಡುತ್ತಿತ್ತು. ಜನರ ತೆರಿಗೆ ದುಡ್ಡು ಇದು. ಪೈಪೋಟಿಯನ್ನು ಕೈಬಿಟ್ಟಿದ್ದೇ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ.

ಹಾಗಂತ ಸುಮ್ನೆ ದುಂದು ಅಂದುಬಿಡುವುದೂ ಸರಿಯಲ್ಲ. ಭಯಕ್ಕೆ ಕಾರಣವಿತ್ತು. 1998ರ ಆಗಸ್ಟ್‌ನಿಂದ 1999ರ ಏಪ್ರಿಲ್ ಒಳಗೆ ಆಗ ಬಳಸುತ್ತಿದ್ದ ಟೈಟನ್ 4 ರಾಕೆಟ್‌ನ ಮೂರು ಉಡಾವಣೆಗಳು ಒಂದರ ಹಿಂದೊಂದು ಕೈಕೊಟ್ಟವು. ಮೂರನೆಯದರಲ್ಲಿ ಸಾಫ್ಟ್‌ವೇರ್‌ಗೆ -1.992476 ಎಂದು ಹಾಕಬೇಕಿದ್ದಲ್ಲಿ -0.1992476 ಎಂದು ಹಾಕಿದ್ದರು. ಚುಕ್ಕಿ ಒಂದು ಮನೆ ಜರುಗಿತ್ತು, ಅಷ್ಟೇ. ಮಿಲ್‌ಸ್ಟಾರ್ ಎಂಬ ಸೇನಾ ಸಂಪರ್ಕ ಉಪಗ್ರಹ ಕೆಲಸಕ್ಕೆ ಬಾರದ ಕಕ್ಷೆಗೆ ಹೋಯಿತು. ಅಂಥ ಉಪಗ್ರಹದ ಬೆಲೆ ರಾಕೆಟ್‌ಗಿಂತ ಎಷ್ಟೋ ಜಾಸ್ತಿ. ಹಾಗಾಗಿ ತಪಾಸಣೆಗೆ ಎಷ್ಟಾದರೂ ಕೊಡೋಣ ಅನ್ನುವ ಮನಸ್ಸು ಬಂತು.

ಬೆಲೆ ಇಳಿದದ್ದು ಮತ್ತೆ ಪೈಪೋಟಿ ಬಂದ ಮೇಲೆ. 2016ರಲ್ಲಿ ಒಂದು ಜಿಪಿಎಸ್ ಉಪಗ್ರಹದ ಉಡಾವಣೆ 8.27 ಕೋಟಿ ಡಾಲರ್‌ಗೆ ಸ್ಪೇಸ್‌ಎಕ್ಸ್ ಎಂಬ ಖಾಸಗಿ ಕಂಪನಿಯ ಪಾಲಾಯಿತು. ಗಮನಿಸಿ, ಹೊಸ ಸರಣಿಯ ಮೊದಲ ಜಿಪಿಎಸ್ ಉಪಗ್ರಹ 2018ರ ಡಿಸೆಂಬರ್‌ನಲ್ಲಿ ಹಾರಿದ್ದು ಇಳಿಯಲು ಕಾಲುಗಳೇ ಇಲ್ಲದ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ ಮೇಲೆ. ಇಳಿಯುವುದಕ್ಕೆ ಉಳಿಸಿಕೊಳ್ಳುವ ಇಂಧನವೂ ಉಪಗ್ರಹದ ಸುರಕ್ಷತೆಗೇ ಇರಲಿ ಎಂದು ವಾಯುಪಡೆ ಬಯಸಿತ್ತು. ಅಂದರೆ, ಎಸೆಯುವ ರಾಕೆಟ್ಟೇ ಆಗಿದ್ದರೂ ಬೆಲೆ ಇಳಿದಿತ್ತು! 2020ರ ಜೂನ್‌ನ ಉಡಾವಣೆಯಲ್ಲಿ ರಾಕೆಟ್ ಇಳಿಸಲು ಒಪ್ಪಿದರು. 2021ರ ಜೂನ್‌ನಲ್ಲಿ ಒಮ್ಮೆ ಹಾರಿದ್ದ ರಾಕೆಟ್ ಮೇಲೇ ಜಿಪಿಎಸ್ ಹೋಯಿತು. ಎರಡು ಉಡಾವಣೆಗೆ ಹೀಗೆ ಒಪ್ಪಿದ್ದರಿಂದ 5 ಕೋಟಿ ಡಾಲರ್‌ಗೂ ಹೆಚ್ಚು ಉಳಿಯಿತು.

ಆದರೂ ಎಸೆಯುವುದು ಪೂರ್ತಿ ನಿಂತಿಲ್ಲ. ಭಾರದ ಉಪಗ್ರಹವನ್ನು ನೇರವಾಗಿ 36,000 ಕಿ.ಮೀ. ಎತ್ತರಕ್ಕೆ ಮುಟ್ಟಿಸಬೇಕಾದರೆ ಇಳಿಯಲು ಇಂಧನ ಉಳಿಯುವುದಿಲ್ಲ. 2022ರ ನವೆಂಬರ್‌ನಲ್ಲಿ ಸೇನೆಗಾಗಿ ಹಾರಿದ ಫಾಲ್ಕನ್ ಹೆವಿ ಎಂಬ ದೊಡ್ಡ ರಾಕೆಟ್‌ನಲ್ಲಿ ಅಕ್ಕಪಕ್ಕದ ಎರಡು ಬೂಸ್ಟರ್ (ಮೇಲಕ್ಕೆ ತಳ್ಳುವ ಭಾಗ) ವಾಪಸ್ ಬಂದು ಇಳಿದವು, ನಡುವಿನದನ್ನು ಬೇಕೆಂದೇ ಸಮುದ್ರಕ್ಕೆ ಬಿಟ್ಟರು.