ಮೆಣಸಿನ ರೇಟ್ ಬಿದ್ದಾಗ ತೋಟದ ಆಳುಗಳಿಗೆ ಏನ್ ಸಿಗುತ್ತೆ?

2018ರ ಬೇಸಿಗೆ, ಕೊಯ್ಲು ಮುಗಿದಿತ್ತು. ಪಕ್ಕದ ತೋಟದಲ್ಲಿ ಆಳುಗಳಿಗೆ ಅಂತ ಕಟ್ಟಿದ ಲೈನ್ ಮನೇಲಿದ್ದ ಅಕ್ಕ ಒಬ್ರು ದಿನಾ ಬರೋ ಹಾಗೆ ಬುತ್ತಿ ಕಟ್ಕೊಂಡು ಗೇಟ್ ಹತ್ರ ಬಂದ್ರೆ, ತೋಟದ ಲೆಕ್ಕ ಬರೆಯೋ ರೈಟರ್ ಹಾಜರಿ ಹಾಕೋ ಚೆಕ್‌ರೋಲ್ ಬುಕ್ ತೆಗೀಲೇ ಇಲ್ಲ. "ಈ ಸಲ ಬಳ್ಳಿ ಕಟ್ಟೋದು, ಬೋರ್ಡೋ ಔಷಧಿ ಹೊಡಿಯೋದು ಏನೂ ಬೇಡ್ವಂತೆ ಅಕ್ಕ, ಮುಂದಿನ ತಿಂಗಳು ನೋಡಣ" ಅಂದ. ಎರಡು ವರ್ಷ ಹಿಂದೆ ಕೆಜಿಗೆ 700 ರೂಪಾಯಿ ಹತ್ರ ಇದ್ದ ಕಾಳುಮೆಣಸು ಅರ್ಧದ ಆಸುಪಾಸಿಗೆ ಬಂದಿತ್ತು. ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರೀಲಿ ಒಳಗೆ ಬರ್ತಿದೆ ಅಂತ ಗೋಣಿಕೊಪ್ಪದಿಂದ ಮಡಿಕೇರಿ ತನಕ ಎಲ್ಲರ ಬಾಯಲ್ಲೂ ಅದೇ ಮಾತು, ಯಾಕಂದ್ರೆ 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದದಲ್ಲಿ ಅಲ್ಲಿನ ಮೆಣಸಿಗೆ ಸುಂಕದ ವಿನಾಯ್ತಿ ಇದೆ.

ಸರ್ಕಾರ ಸುಮ್ನಿರಲಿಲ್ಲ, ಅದನ್ನ ಹೇಳ್ಲೇಬೇಕು. 2017ರ ಡಿಸೆಂಬರ್‌ನಲ್ಲೇ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ, ಅದಕ್ಕಿಂತ ಕಮ್ಮಿ ರೇಟಿನ ಮೆಣಸು ಒಳಗೆ ಬರೋ ಹಾಗಿಲ್ಲ ಅಂತ ಮಾಡ್ತು. ಆದ್ರೆ ಅದು ಮೆಣಸಿಗೆ ಮಾಡಿದ್ದು, ಬೆಳೆಗಾರರಿಗೆ ಮಾಡಿದ್ದು. ಆ ಅಕ್ಕನ ಹೆಸರು ಅದ್ರಲ್ಲಿ ಎಲ್ಲೂ ಬರಲ್ಲ.

ಹೊರದೇಶದ ಮಾಲಿಂದ ಕೆಲಸ ಹೋದವ್ರಿಗೆ ಅಂತಾನೇ ಬೇರೆ ಕಾನೂನು ಮಾಡಿದ್ದು ಅಮೆರಿಕ. 1962ರಲ್ಲಿ ಅಲ್ಲಿನ ಅಧ್ಯಕ್ಷ ಕೆನಡಿ ಸುಂಕ ಇಳಿಸೋ ಅಧಿಕಾರ ಕೇಳಿದಾಗ ಅದೇ ಕಾಯ್ದೆಯೊಳಗೆ ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಅನ್ನೋದನ್ನ ಸೇರಿಸಿದ್ರು. ದೇಶಕ್ಕೆ ಲಾಭ ಅಂತ ಸರ್ಕಾರ ಬಾಗಿಲು ತೆಗೆದ್ರೆ ಅದ್ರಿಂದ ಕೆಲಸ ಕಳ್ಕೊಂಡವ್ರ ಹೊಣೇನೂ ಸರ್ಕಾರದ್ದೇ ಅನ್ನೋದು ಅದರ ತಿರುಳು, ನಂಗೆ ಇದು ತುಂಬಾ ನ್ಯಾಯವಾಗಿ ಕಾಣುತ್ತೆ. ಆದ್ರೆ ಸುಂಕ ಇಳಿಸಿದ್ದಕ್ಕೇ ಆಮದು ಹೆಚ್ಚಾಯ್ತು, ಆಮದಿಂದಲೇ ಮುಖ್ಯವಾಗಿ ಕೆಲಸ ಹೋಯ್ತು ಅಂತ ಎರಡೂ ಸಾಬೀತಾಗಬೇಕಿತ್ತು. 1969ರ ತನಕ ಒಬ್ಬೇ ಒಬ್ಬ ಕಾರ್ಮಿಕನ ಅರ್ಜೀನೂ ಪಾಸಾಗಲಿಲ್ಲ! ಏಳು ವರ್ಷ ಕಾನೂನು ಇತ್ತು, ಸಹಾಯ ಇರಲಿಲ್ಲ. ಹೆಣ ಎತ್ತೋ ಖರ್ಚಿಗೆ ಕೊಡೋ ಇನ್ಶೂರೆನ್ಸ್ ಇದು ಅಂತ ಯೂನಿಯನ್‌ನವ್ರು ಬೈತಿದ್ರು.

1974ರ ಕಾಯ್ದೇಲಿ ಆ ಷರತ್ತು ಸಡಿಲ ಮಾಡಿದ್ರು, ಆಮದೂ ಒಂದು ಮುಖ್ಯ ಕಾರಣ ಆಗಿದ್ರೆ ಸಾಕು ಅಂತ. ಮೂರೇ ಜನ ಕಾರ್ಮಿಕರು ಸೇರಿ ಅರ್ಜಿ ಹಾಕಬಹುದಿತ್ತು. ಜಪಾನ್ ಕಾರುಗಳು ಬಂದು ಅಲ್ಲಿನ ಕಾರ್ ಫ್ಯಾಕ್ಟರಿಗಳಲ್ಲಿ ಕೆಲಸ ಹೋದಾಗ, 1980ರ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಜನ ಹಣ ತಗೊಂಡ್ರು, ಖರ್ಚು ಜಾಸ್ತಿ ಆಯ್ತು ಅಂತ 1981ರಲ್ಲಿ ಅಧ್ಯಕ್ಷ ರೇಗನ್ ಕಾಲದಲ್ಲಿ ಕಡಿತ. 2002ರಲ್ಲಿ 50 ದಾಟಿದವ್ರು ಕಮ್ಮಿ ಸಂಬಳದ ಕೆಲಸಕ್ಕೆ ಸೇರಿದ್ರೆ ವ್ಯತ್ಯಾಸದ ಅರ್ಧ ಕೊಡೋ ಸೌಲಭ್ಯ ಬಂತು, 2009ರಲ್ಲಿ ಸರ್ವಿಸ್ ಸೆಕ್ಟರ್‌ನವ್ರನ್ನೂ ಸೇರಿಸಿದ್ರು. 2022ರ ಜುಲೈಯಲ್ಲಿ ಅವಧಿ ಮುಗೀತು, ಅಲ್ಲಿಂದ ಹೊಸಬ್ರಿಗೆ ಮಂಜೂರಾತಿ ನಿಂತುಹೋಯ್ತು.

ನಮ್ಮಲ್ಲಿ ಇಂಥದ್ದು ಬರಲೇ ಇಲ್ಲ ಅಂತಲ್ಲ. ಉದಾರೀಕರಣ ಆದ ಮೇಲೆ 1992ರಲ್ಲಿ ನ್ಯಾಷನಲ್ ರಿನ್ಯೂವಲ್ ಫಂಡ್ ಮಾಡಿದ್ರು, ಕೆಲಸ ಹೋದವ್ರಿಗೆ ಹೊಸ ತರಬೇತಿ ಅಂತ. ದುಡ್ಡು ಹೆಚ್ಚಾಗಿ ಹೋಗಿದ್ದು ಸರ್ಕಾರಿ ಕಂಪನಿಗಳ ವಿಆರ್‌ಎಸ್‌ಗೆ, ಅಂದ್ರೆ ಸ್ವಯಂ ನಿವೃತ್ತಿಗೆ, 2000ದಲ್ಲಿ ಅದೂ ಮುಚ್ಚಿತು. ಕಾರ್ಮಿಕರ ವಿಮೆ ಇಎಸ್‌ಐ ಇರೋರಿಗೆ 2018ರಲ್ಲಿ ಅಟಲ್ ಹೆಸರಿನ ನಿರುದ್ಯೋಗ ಭತ್ಯೆ ಬಂತು, ಆದ್ರೆ ಆಗ ತೋಟದ ಕೆಲಸ ಇಎಸ್‌ಐ ವ್ಯಾಪ್ತಿಗೇ ಬರ್ತಿರಲಿಲ್ಲ. ಆಗ ಉಳಿದಿದ್ದು ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿದ ನಿಯಮ, ಕೆಲಸದಿಂದ ತೆಗೆದ್ರೆ ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ. ಅದನ್ನ ಕೊಡಬೇಕಾಗಿದ್ದು ಮಾಲೀಕರು, ಸರ್ಕಾರ ಅಲ್ಲ, ಮತ್ತೆ ಅದಕ್ಕೆ ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು.

ಅಮೆರಿಕದ ಕಥೆ ಓದ್ತಾ ನಂಗೆ ಅನ್ಸಿದ್ದು, ಕಾರಣ ಸಾಬೀತು ಮಾಡು ಅಂತ ದುಡಿಯೋರ ಮೇಲೆ ಹಾಕಿದ್ರೆ ಅಲ್ಲೇ ಎಲ್ಲ ಸಿಕ್ಕಾಕೊಳ್ಳುತ್ತೆ. ಅದೇ 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಜಾರಿದ್ವು, ಬಳ್ಳಿ ಕೊಳೀತು, ಕಾಫಿ ಉದುರಿತು. ಆ ವರ್ಷ ಅಕ್ಕನ ಕೆಲಸದ ದಿನಗಳು ಹೋಗಿದ್ದು ವಿಯೆಟ್ನಾಂ ಮೆಣಸಿಂದನಾ, ಮಳೆಯಿಂದನಾ, ಸಾಹುಕಾರ್ರ ಸಾಲದಿಂದನಾ, ಯಾರು ಬಿಡಿಸಿ ಹೇಳ್ತಾರೆ? ಕಾರಣ ಕೇಳದೆ, ಕೆಲಸ ತಪ್ಪಿಹೋದ ದಿನಗಳನ್ನ ಎಣಿಸಿ ಕೊಡೋ ಸ್ಕೀಮ್ ಬೇಕು ಅನ್ನೋದು ನನ್ನ ವಾದ. ಎಣಿಸೋಕೆ ಹಾಜರಿ ಲೆಕ್ಕದ ಒಂದು ಕಾಪಿ ಆಳುಗಳ ಕೈಯಲ್ಲೂ ಇರಬೇಕು.

ಮೊನ್ನೆ ಸಂತೇಲಿ ಆ ಅಕ್ಕ ಸಿಕ್ಕಿದ್ರು, ಆ ವರ್ಷ ಎಷ್ಟು ದಿನ ಕೆಲಸ ಆಗಿತ್ತಕ್ಕ ಅಂತ ಕೇಳ್ದೆ. "ನಂಗೆಲ್ಲಿ ನೆನಪು ಮಗ, ಎಲ್ಲ ರೈಟರ್ ಬುಕ್ಕಲ್ಲಿತ್ತು" ಅಂದ್ರು. ಆ ತೋಟ ಈಗ ಬೇರೆಯವ್ರಿಗೆ ಮಾರಿ ಆಗಿದೆ.