ಹೊಗೆ ಹೊರಗೆ, ನಾವು ಒಳಗೆ: ದಿನ ಕಳೆಯೋದು ಹೇಗೆ?

ಪ್ರಶ್ನೆ: ಈ ವರ್ಷವೇ ಬೆಂಗಳೂರಿನಿಂದ ದೆಹಲಿಗೆ ಬಂದಿದ್ದೇವೆ. ದೀಪಾವಳಿ ಕಳೆದ ಮೇಲೆ ಹೊರಗಿನ ಕೆಟ್ಟ ಗಾಳಿಗೆ ಹೆದರಿ ಕಿಟಕಿ ತೆಗೆದದ್ದೇ ಕಡಿಮೆ. ಏಳು ವರ್ಷದ ಮಗಳಿಗೆ ಆನ್‌ಲೈನ್ ಕ್ಲಾಸು. ಅತ್ತೆಯವರ ವಾಕಿಂಗ್ ನಿಂತಿದೆ. ಮಾಸ್ಕು, ಗಾಳಿ ಶುದ್ಧಮಾಡುವ ಪ್ಯೂರಿಫೈಯರು ಎಲ್ಲ ಇದೆ. ಆದರೆ ದಿನವಿಡೀ ಒಳಗೇ ಕೂತು ಮೂವರಿಗೂ ತಲೆ ಕೆಟ್ಟಿದೆ. ಟಿವಿ, ಮೊಬೈಲು ಬಿಟ್ಟು ಮನೆಯೊಳಗೆ ಖುಷಿಯಾಗಿರೋಕೆ ಏನಾದರೂ ದಾರಿ ಇದೆಯಾ?

ಉತ್ತರ: ನವೆಂಬರ್ ಬಂತೆಂದರೆ ದೆಹಲಿ, ನೋಯ್ಡಾ, ಗುರುಗ್ರಾಮದ ಕನ್ನಡದ ಮನೆಗಳಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮೊದಲ ವರ್ಷ ನಾನೂ ಇದನ್ನೇ ಕಂಡಕಂಡವರಿಗೆ ಕೇಳಿದವಳು. ನಾನು ಸಾಗರದ ಕಡೆಯವಳು. ತಿಂಗಳುಗಟ್ಟಲೆ ಮನೆಯೊಳಗೆ ಕೂರೋದು ನಮಗೇನು ಹೊಸದಾ, ಮಲೆನಾಡಿನ ಮಳೆಗಾಲ ಅಂದರೆ ಅದೇ ಅಲ್ವಾ ಅಂದುಕೊಂಡಿದ್ದೆ. ಎರಡೇ ವಾರದಲ್ಲಿ ಸೋತೆ.

ಯಾಕೆಂದರೆ ಮಳೆ ನಮ್ಮನ್ನು ಒಳಗೆ ಕೂರಿಸುತ್ತದೆ ನಿಜ, ಆದರೆ ಕೂತವರಿಗೆ ಏನಾದರೂ ಕೊಡುತ್ತದೆ. ಹಂಚಿನ ಮೇಲಿನ ಸದ್ದು, ಸೂರಿನಿಂದ ಇಳಿಯುವ ನೀರು, ಅಂಗಳದ ವಾಸನೆ. ಜಗುಲಿಯಲ್ಲಿ ಸುಮ್ನೆ ಕೂತರೂ ಹೊತ್ತು ಹೋಗುತ್ತದೆ. ದೆಹಲಿಯ ಈ ಮಬ್ಬು ಏನೂ ಕೊಡೋದಿಲ್ಲ. ಎದುರಿನ ಬ್ಲಾಕು ಕಾಣೋದಿಲ್ಲ, ಬಿಸಿಲಿಲ್ಲ, ವಾಸನೆ ಬಂದರೆ ಅದು ಸುಟ್ಟ ವಾಸನೆ. ಹಾಗಾಗಿ ಕಣ್ಣಿಗೆ, ಮೂಗಿಗೆ, ಕೈಗೆ ಬೇಕಾದ್ದನ್ನು ನಾವೇ ಮನೆಯೊಳಗೆ ಹುಟ್ಟಿಸಿಕೊಳ್ಳಬೇಕು. ಷರತ್ತು ಒಂದೇ. ಅದರಿಂದ ಹೊಗೆ ಏಳಬಾರದು.

ಈ ಪಾಠ ಕಲಿಸಿದ್ದು ಸಾರಿನ ಪುಡಿ. ನಮ್ಮ ಎರಡನೇ ಚಳಿಗಾಲ. ಬೇಜಾರು ಕಳೆಯೋಕೆ ಪುಡಿಯಾದರೂ ಮಾಡೋಣ ಅಂತ ಬಾಣಲೆ ಇಟ್ಟೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ ಹುರಿಯುವವರೆಗೆ ಮನೆಯೆಲ್ಲ ಘಮಘಮ. ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದೇ ತಡ, ಹಾಲ್‌ನಲ್ಲಿದ್ದ ಪ್ಯೂರಿಫೈಯರಿನ ಹಸಿರು ದೀಪ ಕೆಂಪಾಯಿತು. ಫ್ಯಾನು ಗೊರ್ ಅಂತ ಕೂಗತೊಡಗಿತು. ಮಗನಿಗೆ ಕೆಮ್ಮು, ನನಗೆ ಕಣ್ಣಲ್ಲಿ ನೀರು. ಕಿಟಕಿ ತೆಗೆಯೋಣ ಅಂದರೆ ಹೊರಗೆ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಸೂಚ್ಯಂಕ, 400. ಅಡುಗೆಮನೆ ಬಾಗಿಲು ಎಳೆದುಕೊಂಡು, ಅರ್ಧ ಗಂಟೆ ಬಚ್ಚಲುಮನೆಯಲ್ಲಿ ಕೂತಿದ್ದೆವು.

ಯೋಚಿಸಿದರೆ ಇಡೀ ದೆಹಲಿಗೂ ಆಗಿರೋದು ಇದೇ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಕೂರುತ್ತದೆ. ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ವಾಹನದ ಹೊಗೆ, ರಸ್ತೆಯ ಧೂಳು, ಕಾರ್ಖಾನೆ, ಅಕ್ಟೋಬರ್–ನವೆಂಬರಿನಲ್ಲಿ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಸುಡುವ ಭತ್ತದ ಕೂಳೆ, ಎಲ್ಲ ತಟ್ಟೆಯ ಕೆಳಗೇ ಉಳಿಯುತ್ತದೆ. ಬೀಸುವ ಗಾಳಿಯೂ ಇರೋದಿಲ್ಲ. ಅದರಲ್ಲಿ ತೀರಾ ತೊಂದರೆ ಕೊಡೋದು ಪಿಎಂ 2.5 ಅನ್ನುವ ಸಣ್ಣ ಕಣ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದು. ತಲೆಗೂದಲಿನ ದಪ್ಪದಲ್ಲಿ ಅಂಥವು ಇಪ್ಪತ್ತಾದರೂ ಸಾಲಾಗಿ ಕೂರುತ್ತವೆ.

ಮಧ್ಯಾಹ್ನ ಬಿಸಿಲು ಏರಿದಾಗ ತಟ್ಟೆ ಸ್ವಲ್ಪ ಮೇಲೆದ್ದ ಹಾಗಾಗುತ್ತದೆ. ನಿಮಗೆ ಬೇಕಾದ್ದು ಆ ಹೊತ್ತು. ಟಿವಿಯಲ್ಲಿ ಹೇಳುವ ಎಕ್ಯೂಐನಿಂದ ಅದು ಗೊತ್ತಾಗೋದಿಲ್ಲ, ಅದು ಸಾಮಾನ್ಯವಾಗಿ ಹಿಂದಿನ 24 ಗಂಟೆಯ ಸರಾಸರಿ. 2024ರ ನವೆಂಬರ್ 18ರಂದು ದೆಹಲಿಯಲ್ಲಿ ಈ ಸರಾಸರಿ 494 ಇತ್ತು. ಭಾರತದ ಅಳತೆಪಟ್ಟಿ ಮುಗಿಯೋದೇ 500ಕ್ಕೆ. 201ರಿಂದ ‘ಕಳಪೆ’, 301ರಿಂದ ‘ತೀರಾ ಕಳಪೆ’, 401ರಿಂದ ‘ಗಂಭೀರ’. ಕೆಲವು ವಿದೇಶಿ ಆ್ಯಪ್‌ಗಳ ಲೆಕ್ಕ ಬೇರೆ, ಅವು ಸಾವಿರವನ್ನೂ ತೋರಿಸುತ್ತವೆ. ಎರಡನ್ನೂ ನೋಡಿ ಗಾಬರಿಯಾಗಬೇಡಿ, ಒಂದನ್ನೇ ಹಿಡಿದುಕೊಳ್ಳಿ. ಮನೆ ಹತ್ತಿರದ, ಗಾಳಿ ಅಳೆಯುವ ಕೇಂದ್ರದ ಪಿಎಂ 2.5 ಗಂಟೆಗಂಟೆಗೆ ಹೇಗೆ ಬದಲಾಗುತ್ತದೆ ಅಂತ ಎರಡು ದಿನ ಗಮನಿಸಿ. ಹೆಚ್ಚಿನ ದಿನ ಬೆಳಗಿನ ಜಾವ ಕೆಟ್ಟದ್ದಾಗಿದ್ದು, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಇಳಿದಿರುತ್ತದೆ. ನಮ್ಮ ಮನೆಯಲ್ಲಿ ಆಗ ಇಪ್ಪತ್ತು ನಿಮಿಷ ಕಿಟಕಿ ತೆಗೆಯುತ್ತೇವೆ. ಪ್ಯೂರಿಫೈಯರು ಕಣ ಹಿಡಿಯುತ್ತದೆಯೇ ಹೊರತು ಹೊಸ ಗಾಳಿ ತರೋದಿಲ್ಲ. ಗ್ಯಾಸ್ ಒಲೆ ಉರಿಯುವ ಮನೆಯನ್ನು ಇಡೀ ದಿನ ಬಿಗಿದಿಡೋದು ಒಳ್ಳೆಯದಲ್ಲ. ಇನ್ನು ಆ ಇಪ್ಪತ್ತು ನಿಮಿಷ ನಮಗೆ ಹಬ್ಬ. ಕಿಟಕಿ ಪಕ್ಕ ಮೂರು ಕುರ್ಚಿ, ಫಿಲ್ಟರ್ ಕಾಫಿ. ಡಿಕಾಕ್ಷನ್ ಇಳಿಯುವ ವಾಸನೆ ಮನೆ ತುಂಬುತ್ತದೆ, ಹೊಗೆ ಒಂದಿಷ್ಟೂ ಇಲ್ಲ.

ಅಡುಗೆಯಲ್ಲಿ ಈ ಎರಡು ತಿಂಗಳು ಹಬೆಗೆ ಬನ್ನಿ. ಕರಿಯೋದು, ಹುರಿಯೋದು, ತವಾದಲ್ಲಿ ಸೀದು ಹೋಗೋದು, ಇವೇ ಒಳಗಿನ ಗಾಳಿ ಕೆಡಿಸುವ ಮುಖ್ಯ ಕಳ್ಳರು. ಇಡ್ಲಿ, ಕಡುಬು, ನುಚ್ಚಿನುಂಡೆ, ಶಾವಿಗೆ ನಮ್ಮವೇ ಅಲ್ವಾ? ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಪ್ಯೂರಿಫೈಯರು ಒಮ್ಮೆ ಕೆಂಪಾದರೆ ಹೆದರಬೇಡಿ. ನೀರಿನ ಹನಿಯನ್ನೂ ಅದು ಧೂಳು ಅಂತ ಎಣಿಸಿಬಿಡುತ್ತದೆ.

ದೆಹಲಿಯ ಚಳಿಯಲ್ಲಿ ಹಿಟ್ಟು ಹುಳಿ ಬರೋದಿಲ್ಲ ಅನ್ನೋದು ಇಲ್ಲಿನ ಎಲ್ಲ ಕನ್ನಡತಿಯರ ಗೋಳು. ಅದನ್ನೇ ಮಗಳಿಗೆ ಆಟ ಮಾಡಿ. ಬಿಸಿನೀರಿಟ್ಟ ದೊಡ್ಡ ಪಾತ್ರೆಯೊಳಗೆ ಹಿಟ್ಟಿನ ಡಬ್ಬಿ ಇಟ್ಟು, ಹಳೇ ಶಾಲು ಸುತ್ತಿ. ಜೊತೆಗೆ ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ಹಿಟ್ಟು ಹಾಕಿ, ಮಟ್ಟಕ್ಕೆ ಸರಿಯಾಗಿ ರಬ್ಬರ್ ಬ್ಯಾಂಡ್ ಹಾಕಿಡಿ. ಬೆಳಿಗ್ಗೆ ಎದ್ದ ಮಗು ಹಲ್ಲುಜ್ಜುವ ಮೊದಲೇ ಲೋಟ ನೋಡಲು ಓಡುತ್ತದೆ. ಹಿಟ್ಟು ಬ್ಯಾಂಡ್ ದಾಟಿ ಎರಡು ಬೆರಳು ಏರಿರುತ್ತದೆ, ಗಾಜಿಗೆ ಅಂಟಿ ಗುಳ್ಳೆ ಗುಳ್ಳೆ. ಏರದಿದ್ದರೆ ಇನ್ನೂ ನಾಲ್ಕು ಗಂಟೆ ಕಾಯುವ ಮಜಾ.

ಕಾರ್ತಿಕ ಮಾಸವೂ ದೆಹಲಿಯ ಕೆಟ್ಟ ಗಾಳಿಯೂ ಒಟ್ಟಿಗೇ ಬರುತ್ತವೆ. ಬಸವನಗುಡಿಯಲ್ಲಿ ಕೊನೆಯ ಕಾರ್ತಿಕ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ನಾವಿಲ್ಲಿ ಕಿಟಕಿ ಮುಚ್ಚಿ ಕೂತಿರುತ್ತೇವೆ. ಹಸಿ ಕಡಲೆಕಾಯಿ ಸಿಗದಿದ್ದರೆ ಸಿಪ್ಪೆಯಿರುವ ಒಣ ಕಾಯಿಯನ್ನೇ ರಾತ್ರಿ ನೆನೆಹಾಕಿ, ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ. ನೆಲಕ್ಕೆ ಪೇಪರು ಹಾಸಿ, ಸುತ್ತ ಕೂತು ತಿನ್ನಬೇಕು. ಪ್ಲೇಟಿಗೆ ಹಾಕಿ ಕೊಟ್ಟರೆ ಅದು ಬರೀ ತಿಂಡಿ. ಇಲ್ಲಿನ ಚಳಿಗಾಲದ ಬಟಾಣಿಯೂ ಹಾಗೇ. ಎರಡು ಕೆಜಿ ತಂದು ಅತ್ತೆಯವರ ಮುಂದೆ ಸುರಿದುಬಿಡಿ. ಸುಲಿಯುವ ಕೈಗೆ ಕೆಲಸ, ಬಾಯಿಗೆ ಊರಿನ ಕಥೆ. ದೆಹಲಿಯ ಹೆಂಗಸರು ಇದನ್ನು ಬಿಸಿಲಿಗೆ ಕೂತು ಮಾಡುತ್ತಾರೆ. ನಾವು ಒಳಗೇ ದೀಪದ ಕೆಳಗೆ ಮಾಡಿದರಾಯಿತು.

ಈಗ ಕಷ್ಟದ ವಿಷಯ, ಊದುಬತ್ತಿ. ಪ್ಯೂರಿಫೈಯರು ತಂದ ಎಲ್ಲ ಮನೆಯಲ್ಲೂ ದೇವರ ಕೋಣೆಯ ಕಡೆಯಿಂದ ಒಂದು ಸಣ್ಣ ಜಗಳ ಶುರುವಾಗುತ್ತದೆ. ಊದುಬತ್ತಿ, ಧೂಪ, ಕರ್ಪೂರ, ಸೊಳ್ಳೆ ಬತ್ತಿ, ಪರಿಮಳದ ಮೇಣದಬತ್ತಿ ಎಲ್ಲವೂ ಉರಿದು ಅದೇ ಸಣ್ಣ ಕಣ ಬಿಡುತ್ತವೆ. ಇದನ್ನು ಅತ್ತೆಯವರಿಗೆ ಭಾಷಣ ಮಾಡಿ ಹೇಳಬೇಡಿ, ಫಲ ಸಿಗೋದಿಲ್ಲ. ಒಂದು ಸಾಣೆಕಲ್ಲು, ಒಂದು ತುಂಡು ಗಂಧದ ಕೊರಡು ತಂದುಕೊಡಿ. ಕನಾಟ್ ಪ್ಲೇಸ್ ಪಕ್ಕದ ರಾಜ್ಯ ಎಂಪೋರಿಯಂಗಳ ಸಾಲಿನಲ್ಲಿ ನಮ್ಮ ‘ಕಾವೇರಿ’ ಇದೆ, ಅಲ್ಲಿ ವಿಚಾರಿಸಿ. ಬೆಲೆ ಜಾಸ್ತಿಯೇ. ಆದರೆ ಬೆರಳುದ್ದದ ತುಂಡು ವರ್ಷಗಟ್ಟಲೆ ಸವೆಯೋದಿಲ್ಲ. ಕಲ್ಲಿಗೆ ನಾಲ್ಕು ಹನಿ ನೀರು, ಕೊರಡು ಹಿಡಿದು ನಿಧಾನಕ್ಕೆ ಸುತ್ತಬೇಕು. ಮೊದಲ ನಿಮಿಷ ಏನೂ ಇಲ್ಲ. ಆಮೇಲೆ ನೀರು ಕೆನೆಬಣ್ಣಕ್ಕೆ ತಿರುಗಿ ಅಂಚಿಗೆ ಬಂದು ನಿಲ್ಲುತ್ತದೆ, ವಾಸನೆ ಏಳುತ್ತದೆ. ಹೊಗೆಯಿಲ್ಲದ ಪರಿಮಳ. ನಮ್ಮಮ್ಮ ಮೂರು ತಿಂಗಳಿಗೆಂದು ಬಂದಾಗ ಊದುಬತ್ತಿ ಬಿಟ್ಟದ್ದು ಹೀಗೆ. ಬೆಳಿಗ್ಗೆ ಗಂಧ ತೇಯೋದು ಮಗನ ಪಾಲಿಗೆ ಬಂತು, ದೇವರಿಗಿಂತ ಮೊದಲು ಅವನ ಹಣೆಗೇ ಬೀಳುತ್ತಿತ್ತು. ದೀಪಕ್ಕೆ ಮಾತ್ರ ನಾನು ಬೇಡ ಅಂದಿಲ್ಲ. ಒಂದು ಬತ್ತಿಯ ಪುಟ್ಟ ದೀಪ ಇರಲಿ ಬಿಡಿ.

ಆಟಕ್ಕೆ ಚೌಕಾಬಾರ. ಸೀಮೆಸುಣ್ಣದಲ್ಲಿ ನೆಲಕ್ಕೆ ಬರೆಯಬೇಡಿ, ಅದೂ ಧೂಳೇ. ಕೊರಿಯರ್ ಬಂದ ರಟ್ಟಿನ ಡಬ್ಬಿ ಬಿಚ್ಚಿ, ಸ್ಕೆಚ್ ಪೆನ್ನಿನಲ್ಲಿ ಐದೈದರ ಇಪ್ಪತ್ತೈದು ಮನೆ ಬರೆಯಿರಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಿಸೆ ಬೀಜ ಸಾಕು. ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜುತ್ತ ಹೋದರೆ ಕಂದು ಸಿಪ್ಪೆ ಸವೆದು ಬಿಳಿ ಕಾಣುತ್ತದೆ. ಉಜ್ಜಿದ ಬೀಜ ಚುರುಕ್ ಅನ್ನುವಷ್ಟು ಬಿಸಿಯಾಗಿರುತ್ತದೆ. ಅದನ್ನು ಪಕ್ಕದವರ ತೋಳಿಗೆ ಮುಟ್ಟಿಸಿ ಓಡೋದನ್ನು ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಂದು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಮತ್ತೊಂದು ಸರದಿ. ಎದುರಿನವರ ಕಾಯಿ ಹೊಡೆಯದೆ ಒಳಗಿನ ಸುತ್ತಿಗೆ ಹೋಗೋ ಹಾಗಿಲ್ಲ. ಒಳಗಿನ ಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಮನೆಗೊಂದು ನಿಯಮ ಇರುತ್ತದೆ, ಅತ್ತೆಯವರ ನಿಯಮವೇ ನಡೆಯಲಿ. ಮೊಮ್ಮಗಳ ಕಾಯಿ ಹೊಡೆಯೋಕೆ ಅಜ್ಜಿಯರು ಎಳ್ಳಷ್ಟೂ ಹಿಂದೆಮುಂದೆ ನೋಡೋದಿಲ್ಲ ಅನ್ನೋದು ನನ್ನ ಅನುಭವ.

ಕಿವಿಗೆ ರೇಡಿಯೋ ಹಾಕಿಕೊಳ್ಳಿ. ಆಕಾಶವಾಣಿಯ ಆ್ಯಪ್‌ನಲ್ಲಿ ಕನ್ನಡದ ಕೇಂದ್ರಗಳೂ ಸಿಗುತ್ತವೆ. ಫೋನನ್ನು ಮಗುಚಿಟ್ಟು, ಸ್ಪೀಕರಿಗೆ ಸೇರಿಸಿಬಿಡಿ. ನೋಡೋಕೆ ಏನೂ ಇಲ್ಲದಿರೋದೇ ಅದರ ಸುಖ, ಕೈ ಬಟಾಣಿಯಲ್ಲೇ ಇರಬಹುದು. ಅಂದಹಾಗೆ ಆಕಾಶವಾಣಿ ಹೆಸರು ನಂಟುಹಾಕಿಕೊಂಡಿರೋದೂ ಮನೆಯೊಂದಕ್ಕೇ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಶುರುಮಾಡಿದ ಬಾನುಲಿ ಕೇಂದ್ರ ಅದು.

ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಅಂತ ನರ್ಸರಿಯವರು ಹೇಳಬಹುದು, ನಂಬಿ ದುಡ್ಡು ಸುರಿಯಬೇಡಿ. ಆ ಮಾತಿಗೆ ಆಧಾರವಾದ, 1989ರಲ್ಲಿ ನಾಸಾ ಮಾಡಿದ ಪ್ರಯೋಗ ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನದು. 2019ರಲ್ಲಿ ಅಂಥ ಹಳೆಯ ಪ್ರಯೋಗಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ, ಮನೆಯಲ್ಲಿ ಪರಿಣಾಮ ಕಾಣಬೇಕೆಂದರೆ ಒಂದು ಚದರ ಮೀಟರಿಗೆ ಕಡಿಮೆಯೆಂದರೂ ಹತ್ತು ಗಿಡ ಬೇಕು ಅಂತ ಬಂತು. ಅಷ್ಟಿಟ್ಟರೆ ನಾವು ಕೂರೋದೆಲ್ಲಿ? ಕಣ್ಣಿಗೆ ಹಸಿರು ಬೇಕಾದರೆ ಸಾಸಿವೆ ಡಬ್ಬಿಯ ಮೆಂತ್ಯವೇ ಸಾಕು. ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಚೆಲ್ಲಿ, ಮೂರ್ನಾಲ್ಕು ದಿನಕ್ಕೆ ಮೊಳಕೆ ತಲೆಯೆತ್ತುತ್ತದೆ.

ಹೊರಗೆ ಹೋಗಲೇಬೇಕಾದಾಗ ಎನ್95 ಮಾಸ್ಕು ಹಾಕಿಕೊಳ್ಳಿ. ಅತ್ತೆಯವರಿಗೆ ಉಬ್ಬಸ, ಎದೆ ಬಿಗಿತ ಏನಾದರೂ ಕಂಡರೆ ಈ ಆಟಪಾಠ ಎಲ್ಲ ಬದಿಗಿಟ್ಟು ತಕ್ಷಣ ಡಾಕ್ಟರ ಹತ್ತಿರ ಹೋಗಿ. ಮನೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಮತ್ತೆ, ನಾವು ಒಳಗಿರುವಾಗ ಹೊರಗೇ ಇರುವವರೂ ಇದ್ದಾರೆ. ನಮ್ಮ ಗೇಟಿನ ಚೌಕಿದಾರರು ರಾತ್ರಿ ಚಳಿಗೆ ಕಟ್ಟಿಗೆ, ಪ್ಲಾಸ್ಟಿಕ್ಕು ಸಿಕ್ಕಿದ್ದೆಲ್ಲ ಸುಡುತ್ತಿದ್ದರು. ಹೊಗೆ ಮೊದಲು ಅವರಿಗೇ, ಆಮೇಲೆ ನೆಲಮಹಡಿಯ ನಮಗೆ. ಕಾವಲುಗಾರರಿಗೆ ಕರೆಂಟಿನ ಹೀಟರ್ ಕೊಡಿ ಅಂತ ಇಲ್ಲಿನ ನಿವಾಸಿ ಸಂಘಗಳಿಗೆ ಸರ್ಕಾರದ ಸೂಚನೆಯೂ ಇದೆ. ನಮ್ಮ ಬ್ಲಾಕಿನಲ್ಲಿ ಅದು ಬರೋಕೆ ಎರಡು ಮೀಟಿಂಗು, ಒಂದು ಜಗಳ ಬೇಕಾಯಿತು. ಈಗ ಕುಕ್ಕರಿನ ಕಡಲೆಕಾಯಿಯಲ್ಲಿ ಒಂದು ಡಬ್ಬಿ ಅವರಿಗೂ ಹೋಗುತ್ತದೆ.

ಸಾರಿನ ಪುಡಿಯನ್ನು ನಾನೀಗ ಸೆಪ್ಟೆಂಬರಿನಲ್ಲೇ ಮಾಡಿಟ್ಟುಕೊಳ್ಳುತ್ತೇನೆ, ಮಳೆ ಗಾಳಿಯನ್ನು ತೊಳೆದು ಕಿಟಕಿಯೆಲ್ಲ ತೆರೆದಿರುವಾಗ. ನಿಮ್ಮದು ಈಗಲೇ ಮುಗಿದಿದ್ದರೆ ಹುರಿಯೋಕೆ ಹೋಗಬೇಡಿ. ಊರಿಂದ ಬರುವವರ ಹತ್ತಿರ ತರಿಸಿಕೊಳ್ಳಿ.